ಒಳಗೇ ಇತ್ತು ಪೆಟ್ಟಿಗೆ

ಸೋಮವಾರ ಬೆಳಗ್ಗೆ ಡಾಕ್ಟರಮ್ಮ ಬೀರು ಬಾಗಿಲು ತೆಗೆದ್ರು. ಪೆಟ್ಟಿಗೆ ಇಲ್ಲ.

ಕೂಗಲಿಲ್ಲ ಅವರು. ನಂಗೆ ಗಾಬರಿ ಆಗಿದ್ದೇ ಅದಕ್ಕೆ. ಬಾಗಿಲು ಮುಚ್ಚಿದ್ರು, ಮತ್ತೆ ತೆಗೆದ್ರು. ಆಗಲೂ ಇಲ್ಲ. ನನ್ನ ಕಡೆ ತಿರುಗಿ, "ಒಂದು ಕುರ್ಚಿ ಎಳೀತೀರಾ" ಅಂದ್ರು. ಅಷ್ಟೇ.

ನಾನು ಆ ಲ್ಯಾಬಿನ ಕಾವಲು ಮುಖ್ಯಸ್ಥ. ಮುಖ್ಯಸ್ಥ ಅನ್ನೋದು ಹೆಸರಿಗೆ. ಕೈಕೆಳಗೆ ಇದ್ದದ್ದು ಇಬ್ಬರು ಕಾವಲುಗಾರರು, ಒಂದು ಟಾರ್ಚು, ಕಾರಿಡಾರಿಗೊಂದು ಕ್ಯಾಮೆರಾ. ಪೊಲೀಸ್ ಕೆಲಸ ಮುಗಿಸಿ ಮನೇಲಿ ಕೂತ್ರೆ ಹೆಂಡತಿ ಪುಕ್ಕಟೆ ಬೈತಾಳೆ, ಇಲ್ಲಿ ಸಂಬಳ ಕೊಟ್ಟು ಬೈತಾರೆ. ಅದಕ್ಕೇ ಇಲ್ಲಿಗೆ ಸೇರ್ಕೊಂಡಿದ್ದೆ.

ಪೆಟ್ಟಿಗೇಲಿ ಏನಿತ್ತು ಅಂತ ಮೊದ್ಲು ಹೇಳಿಬಿಡ್ತೀನಿ, ಇಲ್ಲಾಂದ್ರೆ ನಿಮಗೆ ಮುಂದಿಂದು ತಲೆಗೆ ಹತ್ತಲ್ಲ. ಲಸಿಕೆ. ಎಂಆರ್‌ಎನ್‌ಎ ಲಸಿಕೆ ಅಂತಾರೆ. ನಂಗೆ ಅರ್ಥ ಆಗಿದ್ದು ಇಷ್ಟು: ಅದು ದೇಹಕ್ಕೆ ಬರೆದ ಚೀಟಿ. ಇಂಥ ರೋಗ ಬರಬಹುದು, ಅದರ ಮುಖ ಹೀಗಿರತ್ತೆ, ತಯಾರಾಗಿರು ಅಂತ. ಚೀಟಿ ಬಲು ನಾಜೂಕು. ಹಾಗೇ ಬಿಟ್ರೆ ಚೂರುಚೂರಾಗತ್ತೆ. ಅದಕ್ಕೆ ಕೊಬ್ಬಿನ ಹನಿಯನ್ನ ಲಕೋಟೆ ಮಾಡಿ ಅದರೊಳಗೆ ಇಟ್ಟು ಕಳಿಸ್ತಾರೆ. ಆ ಹನಿಗೆ ನ್ಯಾನೋ ಕಣ ಅಂತ ಹೆಸರು. ಕಣ್ಣಿಗೆ ಕಾಣೋ ಮಾತೇ ಇಲ್ಲ.

ಕಷ್ಟ ಏನಪ್ಪಾ ಅಂದ್ರೆ, ಈ ಲಕೋಟೆ ಬಿಸಿ ತಡೆಯಲ್ಲ. ಫ್ರೀಜರಲ್ಲೇ ಇರಬೇಕು. ಕರೆಂಟು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ ಅನ್ನೋ ಕಡೆ ಫ್ರೀಜರ್ ಇಟ್ಕೊಂಡು ಏನು ಮಾಡ್ತೀರಿ? ಡಾಕ್ಟರಮ್ಮ ಅದಕ್ಕೊಂದು ದಾರಿ ಹುಡುಕ್ತಿದ್ರು. ಲಸಿಕೆಗೆ ಸಕ್ಕರೆ ಸೇರಿಸಿ, ಹೆಪ್ಪುಗಟ್ಟಿಸಿ, ನೀರಷ್ಟನ್ನೂ ಎಳೆದು ಪುಡಿ ಮಾಡೋದು. ಆ ಪುಡಿ ಮಾಮೂಲಿ ಬೀರುವಿನಲ್ಲಿ ಬೇಸಿಗೆ ಕಳೀಬೇಕು. ಆಮೇಲೆ ನೀರು ಬಿಟ್ರೆ ಮತ್ತೆ ಲಸಿಕೆಯಾಗಿ ಏಳಬೇಕು. ಹಿಂದೆ ಮಾಡಿದ್ದೆಲ್ಲ ಕೆಟ್ಟುಹೋಗಿತ್ತು. ಇದೇ ಕೊನೇ ಅವಕಾಶ ಅಂತ ಮೇಲಿನವರು ಹೇಳಿಯಾಗಿತ್ತು. ಪುಡಿನ ಸೀಸೆಗಳಿಗೆ ತುಂಬಿ, ಪೆಟ್ಟಿಗೆಗೆ ಸೀಲ್ ಹಾಕಿ, ಬೇಸಿಗೆ ಶುರುವಿಗೇ ಬೀರುವಿನಲ್ಲಿ ಇಟ್ಟಿದ್ರು. ಅವತ್ತು ಮಧ್ಯಾಹ್ನ ತಜ್ಞರ ಸಮಿತಿ ಬಂದು ಪರೀಕ್ಷೆ ಮಾಡಬೇಕು. ಪುಡಿ ಬದುಕಿದ್ರೆ ಕೆಲಸ ಮುಂದಕ್ಕೆ. ಇಲ್ಲಾಂದ್ರೆ ಡಾಕ್ಟರಮ್ಮನ ವಿಭಾಗಕ್ಕೆ ಬೀಗ. ಕೂದಲು ಕಪ್ಪಿದ್ದಾಗ ಶುರು ಮಾಡಿದ ಕೆಲಸ ಅದು. ಈಗ ನೋಡಿದ್ರೆ ಪೂರ್ತಿ ಬೆಳ್ಳಗೆ.

ಅಷ್ಟರಲ್ಲಿ ಅಳಿಯಂದ್ರು ಬಂದ್ರು. ಮಾಲೀಕರ ಮಗಳ ಗಂಡ. ಬಾಗಿಲ ಮೇಲೆ ಮ್ಯಾನೇಜರ್ ಅಂತ ಬೋರ್ಡಿತ್ತು, ಆದ್ರೆ ನಮ್ಮ ಬಾಯಲ್ಲಿ ಅವರು ಅಳಿಯಂದ್ರೇ.

"ಯಾರ‍್ರೀ ಈ ರೂಮಿಗೆ ಬಂದಿದ್ದು?" ನನ್ನ ಮೇಲೇ ಬಂದ್ರು.

"ಯಾರೂ ಇಲ್ಲ ಸಾರ್. ಕ್ಯಾಮೆರಾ ನೋಡ್ದೆ. ಶನಿವಾರ ಸಂಜೆ ಬಾಗಿಲು ಹಾಕಿದ್ಮೇಲೆ ಇವತ್ತು ಬೆಳಗ್ಗೆ ಡಾಕ್ಟರಮ್ಮನೇ ಮೊದಲು ಕಾಲಿಟ್ಟಿದ್ದು."

"ಹಂಗಾದ್ರೆ ಪೆಟ್ಟಿಗೆಗೆ ರೆಕ್ಕೆ ಬಂದಿತ್ತಾ?"

"ರೆಕ್ಕೆ ಬಂದಿದ್ರೂ ಕ್ಯಾಮೆರಾದಲ್ಲಿ ಕಾಣ್ತಿತ್ತು ಸಾರ್."

ಅವರಿಗೆ ಸಿಟ್ಟು ಬಂತು. ಬರಲಿ ಬಿಡಿ. ತಕ್ಷಣ ಒಂದು ಹೆಸರು ಹಿಡ್ಕೊಂಡ್ರು: ಶೀತಣ್ಣ.

ಶೀತಣ್ಣ ಅಂದ್ರೆ ಲಸಿಕೆ ತಣ್ಣಗಿಡೋ ಕೋಲ್ಡ್ ರೂಮು, ಅದನ್ನ ಸಾಗಿಸೋ ವ್ಯಾನು ಎರಡರ ಉಸ್ತುವಾರಿ. ಹೊರಗೆ ಟಾರು ಕರಗೋ ಬಿಸಿಲಿದ್ರೂ ಈ ಮನುಷ್ಯನ ಮೈಮೇಲೆ ಸ್ವೆಟರು. "ಈ ಪುಡಿ ಗೆದ್ರೆ ನನ್ನ ರೂಮು ಬೇಡ, ವ್ಯಾನು ಬೇಡ, ನಾನೂ ಬೇಡ. ಸ್ವೆಟರು ಮಾರ್ಕೊಂಡು ಹೋಗ್ತೀನಿ" ಅಂತ ಟೀ ಕುಡೀತಾ ತಮಾಷೆ ಮಾಡ್ತಿದ್ದ. ಆ ತಮಾಷೆಯೇ ಈಗ ಕುತ್ತಿಗೆಗೆ ಬಂತು. ಅವನ ಲಾಕರ್ ಒಡೆಸಿದ್ರು. ಬೈಕಿನ ಡಿಕ್ಕಿ ತೆಗೆಸಿದ್ರು. ವ್ಯಾನಿನ ಸೀಟು ಎತ್ತಿಸಿದ್ರು. ಏನೂ ಸಿಗಲಿಲ್ಲ.

"ಮಧ್ಯಾಹ್ನದೊಳಗೆ ಸಿಗಲಿಲ್ಲ ಅಂದ್ರೆ ಪೊಲೀಸ್" ಅಂದ್ರು ಅಳಿಯಂದ್ರು.

ನಾನು ಫೋನ್ ಮಾಡಿದ್ದು ಪೊಲೀಸಿಗಲ್ಲ, ನಮ್ಮಕ್ಕನಿಗೆ.

ನಮ್ಮಕ್ಕ ಜೀವಮಾನವೆಲ್ಲ ವಿಮಾ ಕಂಪನಿಗೆ ದುಡಿದವಳು. ಗೋಡೌನು ಸುಟ್ಟಿದ್ದು, ಮಾಲು ನೆಂದಿದ್ದು, ಇಲ್ಲದ ಮಾಲು ಕಳುವಾಗಿದ್ದು, ಇಂಥವನ್ನ ಹೋಗಿ ನೋಡಿ ನಿಜ ಯಾವುದು ಸುಳ್ಳು ಯಾವುದು ಅಂತ ಹೇಳೋ ಕೆಲಸ. ಎಷ್ಟು ಜನರ ಸುಳ್ಳು ಕೇಳಿದ್ದಾಳೋ, ಕೇಳಿ ಕೇಳಿ ಸುಸ್ತಾಗಿದ್ದಳು. ಯಾರಾದ್ರೂ ಬಾಯಿ ತೆಗೆದ್ರೆ ಮೊದಲು ಕೂರೋಕೆ ಜಾಗ ಹುಡುಕ್ತಿದ್ದಳು.

ಬಂದಳು. ಮೆಟ್ಟಿಲು ಹತ್ತಿ ನಿಂತು ಉಸಿರು ಬಿಟ್ಟಳು.

"ಮರಿ, ಲಿಫ್ಟ್ ಇದೆ ಅಂದಿದ್ದೆ."

"ಇದೆ ಅಕ್ಕ, ಕೆಟ್ಟಿದೆ."

"ಹಂಗಂತ ಹೇಳಬಾರದಾ? ಮಂಡಿ ನಿನ್ನದಲ್ವಲ್ಲ."

ನಂಗೆ ಅರವತ್ತು ದಾಟಿತ್ತು ಆಗ. ಆದ್ರೂ ಅವಳ ಬಾಯಲ್ಲಿ ಮರಿ. ಕಾವಲುಗಾರರು ಮುಖ ತಿರುಗಿಸ್ಕೊಂಡು ನಕ್ಕರು.

ಬೀರು ಹತ್ರ ಕರ್ಕೊಂಡು ಹೋದೆ. ದೊಡ್ಡ ಕಬ್ಬಿಣದ ಬೀರು, ದೊಡ್ಡ ಬೀಗ, ಅದರ ಕೀಲಿಕೈ ಪಕ್ಕದ ಮೊಳೆ ಮೇಲೆ. ಅಕ್ಕ ಕೀಲಿಕೈ ನೋಡಿದಳು, ನನ್ನ ನೋಡಿದಳು. ಬೀರು ಬಾಗಿಲ ಒಳಮೈಗೆ ಉಷ್ಣತೆ ಬರ‍್ಕೊಳ್ಳೋ ಚಿಕ್ಕ ಯಂತ್ರ ಅಂಟಿಸಿದ್ರು. ಬೇಸಿಗೆಯೆಲ್ಲ ಸೆಖೆ ತೋರಿಸಿತ್ತು ಅದು. ಖಾಲಿ ಶೆಲ್ಫಿಗೆ ಹಳೇ ಪೇಪರ್ ಹಾಸಿತ್ತು. ಎಲ್ಲರೂ ಪೆಟ್ಟಿಗೆ ಇಲ್ಲದ್ದನ್ನ ನೋಡಿದ್ರೆ ಅಕ್ಕ ಪೇಪರ್ ನೋಡಿದಳು. ಬೆರಳಿಂದ ಸವರಿದಳು. ನಂಗೆ ಅದರಲ್ಲಿ ಏನೂ ಕಾಣಲಿಲ್ಲ, ಹಳೇ ಪೇಪರು, ಮಧ್ಯೆ ಸುಕ್ಕುಗಟ್ಟಿತ್ತು, ಅಷ್ಟೇ.

"ಮಳೆ ಸೋರತ್ತಾ ಇಲ್ಲಿ?"

"ಈ ರೂಮಲ್ಲಿ ತೇವ ಬಂದ್ರೆ ಮಿಷನ್ನೇ ಬಡ್ಕೊಳ್ಳತ್ತೆ ಅಕ್ಕ. ಒಣಗಿದ ರೂಮು."

"ಹ್ಞೂಂ" ಅಂತ ಪಕ್ಕದ ಮೇಜಿನ ಕುರ್ಚೀಲಿ ಕೂತಳು.

ಮೇಜು ಎಣ್ಣೆ ಮೇಷ್ಟ್ರದ್ದು. ಎಣ್ಣೆ ಅಂದ್ರೆ ನೀವು ತಿಳ್ಕೊಂಡ ಎಣ್ಣೆ ಅಲ್ಲ. ಪಾಪ, ಟೀನೂ ಕುಡಿಯೋರಲ್ಲ. ಮುಂಚೆ ಕಾಲೇಜಲ್ಲಿ ಪಾಠ ಮಾಡ್ತಿದ್ರು, ಇಲ್ಲಿ ಆ ಕೊಬ್ಬಿನ ಹನಿ ತಯಾರು ಮಾಡೋರು. ಚೀಟಿ ಬರೆಯೋರು ಡಾಕ್ಟರಮ್ಮ, ಲಕೋಟೆ ಮಾಡೋರು ಇವರು. ಇಬ್ಬರದೂ ಒಂದೇ ತಲೆನೋವು. ಅವತ್ತು ಅವರು ತಡವಾಗಿ ಬಂದು, ಗೋಡೆಗೊರಗಿ ನಿಂತಿದ್ರು, ಮುಖದಲ್ಲಿ ರಕ್ತವೇ ಇಲ್ಲ.

ಅಕ್ಕ ಅವರ ಪೆನ್ ಸ್ಟ್ಯಾಂಡಿಗೆ ಕೈ ಹಾಕಿದಳು. ಪೆನ್ನುಗಳ ಮಧ್ಯೆ ಬೆರಳುದ್ದದ ಗಾಜಿನ ಸೀಸೆ, ಮೈಯೆಲ್ಲ ಧೂಳು.

"ಇದೇನು ಮೇಷ್ಟ್ರೇ?"

"ಅದಾ... ಏನಿಲ್ಲ. ಹಳೇದು. ಇಟ್ಬಿಡಿ."

ಇಟ್ಟಳು. ಡಾಕ್ಟರಮ್ಮನ ಕಡೆ ತಿರುಗಿದಳು.

"ಪೆಟ್ಟಿಗೆ ಕೊನೇ ಸಲ ನೋಡಿದ್ದು ಯಾವಾಗಮ್ಮಾ?"

"ಹೋದ ಸೋಮವಾರ. ನಾನು ಸೋಮವಾರ ಮಾತ್ರ ಬೀರು ತೆಗೆಯೋದು. ಸೀಲ್ ಸರಿ ಇದೆಯಾ ಅಂತ ನೋಡ್ತೀನಿ, ಮುಟ್ಟಲ್ಲ, ಮುಚ್ತೀನಿ. ದಿನಾ ತೆಗೆದು ತೆಗೆದು ನೋಡಿದ್ರೆ ಅದೇನು ಪರೀಕ್ಷೆ?"

"ಇದು ಎಲ್ಲರಿಗೂ ಗೊತ್ತಾ?"

"ನನ್ನ ಸೋಮವಾರದ ಪೂಜೆ ಅಂತ ಆಡ್ಕೋತಾರೆ."

"ಪುಡಿ ಸರಿ ಬಂದಿದ್ರೆ ಇವತ್ತು ಏನಾಗ್ತಿತ್ತು?"

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡ್ರು. ಅಳು ಅಲ್ಲ, ಆಯಾಸ.

"ನಾನು ಅಂದ್ಕೊಂಡಿದ್ದು ಇಲ್ಲೇ ಪರೀಕ್ಷೆ ಮಾಡಿ ಹೋಗ್ತಾರೆ ಅಂತ. ಶನಿವಾರ ಫೋನ್ ಬಂತು. ಇಲ್ಲಿ ಒಂದೆರಡು ಸೀಸೆ ನೋಡ್ತಾರಂತೆ, ಸರಿಯಿದ್ರೆ ಇದೇ ಪುಡಿನ ಫ್ರೀಜರ್ ಇಲ್ಲದ ಆಸ್ಪತ್ರೆಗಳಿಗೆ ಕಳಿಸ್ತಾರಂತೆ. ಒಪ್ಪಿಕೊಂಡ ಜನಕ್ಕೆ ಚುಚ್ಚಿ ನೋಡೋದು. ಅಂದ್ರೆ ಮುಂದಿನ ಹಂತ. ಎಷ್ಟು ಖುಷಿಯಾಯ್ತು ಅಂದ್ರೆ, ಆಗಲೇ ಎಲ್ಲರನ್ನೂ ಕರೆದು ಹೇಳಿದೆ."

ಅಳಿಯಂದ್ರು ಗಡಿಯಾರ ನೋಡಿದ್ರು. "ಅಮ್ಮಾ, ಕಥೆ ಆಮೇಲೆ ಕೇಳಿ. ಕಳ್ಳ ಎದುರಿಗೇ ಇದ್ದಾನೆ. ಶೀತಣ್ಣ, ಬಾಯಿ ಬಿಡಪ್ಪ."

"ಬಾಯಲ್ಲಿ ಏನೂ ಇಲ್ಲ ಸಾರ್. ಬೇಕಾದ್ರೆ ನೋಡ್ಕೊಳ್ಳಿ" ಅಂದ ಶೀತಣ್ಣ.

ಅಕ್ಕ ಕೈ ಎತ್ತಿದಳು. "ನಿಮ್ಮ ಲೆಕ್ಕದಲ್ಲಿ ಯಾರು ಕಳ್ಳ ಅಂತ ಗೊತ್ತಾಯ್ತು. ನೀವು ಯಾವಾಗ ನೋಡಿದ್ರಿ ಪೆಟ್ಟಿಗೆನ?"

"ನಾನ್ಯಾಕ್ರೀ ನೋಡಲಿ? ನನಗೆ ಇದು ಮುಗಿದ್ರೆ ಸಾಕಾಗಿದೆ."

"ಮುಗಿದ್ರೆ ನಿಮಗೇನು ಲಾಭ?"

"ಈ ರೂಮು ಖಾಲಿಯಾಗತ್ತೆ. ಕೆಮ್ಮಿನ ಸಿರಪ್ಪು ತುಂಬಿಸ್ಬಹುದು. ಅದಾದ್ರೂ ಮಾರಾಟ ಆಗತ್ತೆ."

ನೇರವಾಗೇ ಹೇಳಿದ್ರು. ಕಳ್ಳನಾಗಿದ್ರೆ ಹಂಗೆ ಹೇಳ್ತಿರಲಿಲ್ಲ ಅಂತ ನನಗೆ ಅನ್ನಿಸ್ತು. ಬೇಜಾರೂ ಆಯ್ತು.

"ನೀವು ಯಾವಾಗ ನೋಡಿದ್ರಿ ಮೇಷ್ಟ್ರೇ?"

"ಶನಿವಾರ ಸಂಜೆ, ಹೊರಡೋ ಮುಂಚೆ" ಅಂದ್ರು ಎಣ್ಣೆ ಮೇಷ್ಟ್ರು. "ಒಳಗೇ ಇತ್ತು."

"ನೋಡಿದ್ರಾ?"

"ಕಣ್ಣಾರೆ."

ಅಳಿಯಂದ್ರು ಮೇಜು ಕುಟ್ಟಿದ್ರು. "ನೋಡಿ. ಶನಿವಾರ ಸಂಜೆ ಬೀರುವಿನಲ್ಲಿತ್ತು. ಸೋಮವಾರ ಬೆಳಗ್ಗೆ ಇಲ್ಲ. ಮಧ್ಯೆ ಯಾರೂ ಬಂದಿಲ್ಲ ಅಂತಾರೆ ನಮ್ಮ ಕಾವಲು ಸಾಹೇಬ್ರು. ಕ್ಯಾಮೆರಾ ಮುಂದೆ ನಿದ್ದೆ ಹೊಡೆದಿದ್ದಾರೆ, ಇನ್ನೇನು."

ನಾನು ಏನೋ ಹೇಳೋಕೆ ಹೋದೆ. ಅಕ್ಕ ನನ್ನ ಕೈ ಅದುಮಿದಳು.

ಅದೇ ಹೊತ್ತಿಗೆ ಒಬ್ಬಳು ಕೆಲಸದಾಕೆ ಮುಚ್ಚಳ ಹಾಕಿದ ಟ್ರೇ ಹಿಡ್ಕೊಂಡು ಬಾಗಿಲಿಗೆ ಬಂದಳು. ಪ್ರಪಂಚ ಮುಳುಗಿದ್ರೂ ಲ್ಯಾಬ್ ಕೆಲಸ ನಿಲ್ಲಲ್ಲವಲ್ಲ.

"ಶೀತಣ್ಣ, ಇದು ಒಳಗಾ ಹೊರಗಾ?"

"ಹೊರಗೆ. ಆ ಕಪಾಟಲ್ಲಿಟ್ಟು ಬಾಗಿಲು ಹಾಕು."

ಅಕ್ಕ ತಲೆ ಎತ್ತಿದಳು. "ಕಪಾಟಿನೊಳಗೆ ಇಟ್ಟು ಹೊರಗೆ ಅಂತೀಯಲ್ಲಪ್ಪ?"

"ಅಮ್ಮಾ, ನಮ್ಮಲ್ಲಿ ಒಳಗೆ ಅಂದ್ರೆ ಕೋಲ್ಡ್ ರೂಮು. ಮಿಕ್ಕಿದ್ದೆಲ್ಲ ಹೊರಗೆ. ನೀವೂ ಹೊರಗೆ, ನಾನೂ ಹೊರಗೆ, ನಿಮ್ಮ ಬ್ಯಾಗಿನಲ್ಲಿರೋ ಕನ್ನಡಕನೂ ಹೊರಗೆ."

"ಎಲ್ಲರೂ ಹೀಗೇ ಅಂತೀರಾ?"

"ಡಾಕ್ಟರಮ್ಮನೂ ಹೀಗೇ. ಮನೇಲೂ ಬಾಯಿಗೆ ಬಂದ್ಬಿಡತ್ತೆ. ಹಾಲು ಒಳಗಿಡೇ ಅಂದ್ರೆ ನನ್ನ ಹೆಂಡತಿ, ಮನೆ ಒಳಗೇ ಇದೆಯಲ್ಲ, ಬೀದೀಲಿಟ್ಟಿದೀನಾ ಅಂತಾಳೆ."

ಅಕ್ಕ ಕಣ್ಣು ಮುಚ್ಚಿ ಕೂತಳು. ನಿದ್ದೆ ಬಂತೇನೋ ಅಂದ್ಕೊಂಡೆ. ಆಮೇಲೆ ಕಣ್ಣು ಬಿಡದೇ ನನ್ನ ಕೇಳಿದಳು.

"ಮರಿ, ಸೋಮವಾರ ಬೆಳಗ್ಗೆ ಈ ರೂಮಿಗೆ ಮೊದಲು ಬರೋದು ಯಾರು?"

"ಎಣ್ಣೆ ಮೇಷ್ಟ್ರು. ನಾನು ಗೇಟಿಗೆ ಬರೋ ಮುಂಚೆ ನಿಂತಿರ್ತಾರೆ. ಬೇರೆ ದಿನ ಆರಾಮಾಗಿ ಬರ್ತಾರೆ."

"ಇವತ್ತು?"

ಇವತ್ತು ಡಾಕ್ಟರಮ್ಮ ಬಂದ ಎಷ್ಟೋ ಹೊತ್ತಿಗೆ ಬಂದಿದ್ರು. ನಾನು ಹೇಳೋದೇ ಬೇಕಿರಲಿಲ್ಲ. ಅಕ್ಕ ಕುರ್ಚಿ ಕೈ ಹಿಡ್ಕೊಂಡು ಎದ್ದಳು.

"ಶೀತಣ್ಣ, ನಿನ್ನ ಕೋಲ್ಡ್ ರೂಮಲ್ಲಿ ಮೇಷ್ಟ್ರ ಸಾಮಾನು ಇಡೋ ಜಾಗ ಯಾವುದು? ಅಲ್ಲಿರೋ ಡಬ್ಬ ಎಲ್ಲ ತೆಗೆದು ನೋಡು."

"ಅಲ್ಲಿ ಯಾಕ್ರೀ ಹುಡುಕೋದು?" ಅಳಿಯಂದ್ರಿಗೆ ತಲೆ ಕೆಟ್ಟಿತ್ತು. "ಕೋಲ್ಡ್ ರೂಮು ಬೇಡ ಅಂತಲೇ ಮಾಡಿದ ಲಸಿಕೆ ಅದು."

"ಅದಕ್ಕೇ ನೀವ್ಯಾರೂ ಅಲ್ಲಿ ಹುಡುಕಲಿಲ್ಲ."

ಶೀತಣ್ಣ ಹೋದ. ನಾವು ಕಾದ್ವಿ. ಎಣ್ಣೆ ಮೇಷ್ಟ್ರು ಗೋಡೆ ಹಿಡ್ಕೊಂಡು ಹಾಗೇ ನೆಲಕ್ಕೆ ಕೂತ್ರು. ಶೀತಣ್ಣ ವಾಪಸ್ ಬಂದಾಗ ಕೈಲಿ ಒಂದು ದೊಡ್ಡ ರಟ್ಟಿನ ಡಬ್ಬ, ಅದರೊಳಗೆ ಡಾಕ್ಟರಮ್ಮನ ಪೆಟ್ಟಿಗೆ. ಸೀಲ್ ಹಾಗೇ ಇತ್ತು. ಮೇಜಿನ ಮೇಲಿಟ್ಟ. ನೋಡ್ತಾ ನೋಡ್ತಾ ಪೆಟ್ಟಿಗೆ ಮೈಮೇಲೆ ಹನಿ ಮೂಡಿದ್ವು. ಕೆಳಗೆ ನೀರು ಇಳೀತು. ಮೇಜಿನ ಮೇಲಿದ್ದ ಹಾಳೆ ನೆನೆದು ಉಬ್ಬಿತು.

"ನೋಡು ಮರಿ" ಅಂದಳು ಅಕ್ಕ. "ತಣ್ಣಗಿರೋ ವಸ್ತು ಸೆಖೆಗೆ ಬಂದ್ರೆ ಬೆವರತ್ತೆ. ಬೇಸಿಗೆಯೆಲ್ಲ ಸೆಖೇಲೇ ಇದ್ದ ಪೆಟ್ಟಿಗೆ ಯಾಕೆ ಬೆವರಬೇಕು? ಆ ಬೀರುವಿನ ಪೇಪರು ಪೆಟ್ಟಿಗೆ ಅಳತೆಗೆ ಸರಿಯಾಗಿ ನೆನೆದು ಒಣಗಿ, ನೆನೆದು ಒಣಗಿ ಸುಕ್ಕಾಗಿದೆ. ಒಂದು ಸಲ ನೆಂದ ಪೇಪರ್ ಹಂಗಿರಲ್ಲ. ಗೋಡೌನಲ್ಲಿ ನಾನು ಇಂಥ ಪೇಪರ್ ಎಷ್ಟು ನೋಡಿಲ್ಲ."

"ಅಂದ್ರೆ ಶನಿವಾರ ಕದ್ದು..." ಅಂತ ಶುರು ಮಾಡಿದೆ.

"ಶನಿವಾರನೂ ಇಲ್ಲ, ಭಾನುವಾರನೂ ಇಲ್ಲ. ಯಾರೂ ಯಾವತ್ತೂ ಬಂದು ಕದ್ದಿಲ್ಲ. ನಿನ್ನ ಕ್ಯಾಮೆರಾ ಸರಿಯಾಗೇ ಹೇಳಿದೆ. ಈ ಪೆಟ್ಟಿಗೆ ಬೇಸಿಗೆ ಶುರುವಿನಿಂದ ಕೋಲ್ಡ್ ರೂಮಲ್ಲೇ ಇತ್ತು. ಸೋಮವಾರ ಬೆಳಗ್ಗೆ ಮಾತ್ರ ಬೇಗ ಬೀರುವಿಗೆ ಬಂದು, ಬೆವರು ಆರಿಸ್ಕೊಂಡು, ಡಾಕ್ಟರಮ್ಮನಿಗೆ ಮುಖ ತೋರಿಸಿ, ಮತ್ತೆ ಹೋಗ್ತಿತ್ತು. ಬಾಗಿಲಿಗೆ ಅಂಟಿಸಿದ ಯಂತ್ರ ಅಳೆದಿದ್ದು ಖಾಲಿ ಬೀರುವಿನ ಸೆಖೆನ. ಇವತ್ತು ಏನೂ ಕಳುವಾಗಿಲ್ಲ. ಇವತ್ತು ಅದನ್ನ ತಂದಿಡಲಿಲ್ಲ, ಅಷ್ಟೇ."

ಆಮೇಲೆ ಮೇಷ್ಟ್ರ ಕಡೆ ನೋಡಿದಳು. ಬೈಗುಳದ ದನಿ ಅಲ್ಲ.

"ಮೇಷ್ಟ್ರೇ, ನಿಮಗೆ ಸುಳ್ಳು ಹೇಳೋಕೆ ಬರಲ್ಲ. 'ಒಳಗೇ ಇತ್ತು' ಅಂದ್ರಿ. ನಾವೆಲ್ಲ ಬೀರುವಿನ ಒಳಗೆ ಅಂದ್ಕೊಂಡ್ವಿ. ಇಲ್ಲಿ ಬೀರುವಿನಲ್ಲಿ ಇರೋದನ್ನ ಹೊರಗೆ ಅಂತಾರೆ. ನೀವು ನಿಜವನ್ನೇ ಹೇಳಿದ್ರಿ. ನಿಮ್ಮ ಬಾಯಿ ತಪ್ಪಿ ನಿಜ ಬಂತು."

ಮೇಷ್ಟ್ರು ಮಾತಾಡಿದ್ದು ಡಾಕ್ಟರಮ್ಮನ ಜೊತೆ, ನಮ್ಮ ಜೊತೆ ಅಲ್ಲ.

"ಹಿಂದಿನ ಸಲ ನೀರು ಹಾಕಿದಾಗ ನೆನಪಿದೆಯಾ ಮೇಡಂ? ಒಡೆದ ಹಾಲಿನ ಥರ ಚೂರುಚೂರು. ನೀವು ಎರಡು ದಿನ ಊಟ ಬಿಟ್ರಿ. ಒಡೆದಿದ್ದು ನನ್ನ ಲಕೋಟೆ. ಈ ಸಲನೂ ಒಡೆಯತ್ತೆ ಅಂತ ನಂಗೆ ಖಾತ್ರಿ ಇತ್ತು. ಒಡೆದ್ರೆ ಎಲ್ಲ ಮುಚ್ತಾರೆ. ಒಂದೇ ಒಂದು ವರ್ಷ ಸಿಕ್ಕಿದ್ರೆ ಲಕೋಟೆ ಸರಿ ಮಾಡ್ತೀನಿ ಅಂದ್ಕೊಂಡೆ. ಸಮಿತಿಯವರು ಇಲ್ಲಿ ನೋಡಿ ಹೋದ್ರೆ ಯಾರಿಗೂ ಏನೂ ತೊಂದರೆ ಇರಲಿಲ್ಲ."

"ಶನಿವಾರ ನಾನು ಆಸ್ಪತ್ರೆ ವಿಷಯ ಹೇಳಿದೆ" ಅಂದ್ರು ಡಾಕ್ಟರಮ್ಮ.

"ಹೌದು. ಪುಡಿ ಅಲ್ಲಿನ ಕಪಾಟಿನಲ್ಲಿ ಸತ್ತಿರತ್ತೆ. ಜನ ಚುಚ್ಚಿಸ್ಕೊಂಡು, ನಮಗಿನ್ನೇನೂ ಆಗಲ್ಲ ಅಂತ ರೋಗಿಗಳ ಮಧ್ಯೆ ಓಡಾಡ್ತಾರೆ. ಅದನ್ನ ಮಾಡೋಕಾಗಲಿಲ್ಲ. ಹೇಳೋಕೂ ಆಗಲಿಲ್ಲ. ತರಲಿಲ್ಲ."

"ಶೀತಣ್ಣನ ಲಾಕರ್ ಒಡೆಸ್ತಿದ್ದಾಗಲೂ?" ಅಂದ್ರು ಡಾಕ್ಟರಮ್ಮ.

ಶೀತಣ್ಣ ಸ್ವೆಟರಿನ ಗುಂಡಿ ಹಾಕ್ತಾ, ಬಿಚ್ತಾ ನಿಂತಿದ್ದ.

ಅಕ್ಕ ಪೆನ್ ಸ್ಟ್ಯಾಂಡಿನಿಂದ ಆ ಧೂಳಿನ ಸೀಸೆ ತೆಗೆದಳು. "ಇದೂ ಅದೇ ಪುಡಿ, ಅಲ್ವಾ?"

"ಅದೇ. ಅದೇ ದಿನ ಮಾಡಿದ್ದು, ಒಂದು ಹೆಚ್ಚಿಗೆ ಉಳಿದಿತ್ತು. ಕೆಡೋದನ್ನ ನೋಡೋಣ ಅಂತ ಹೊರಗೆ ಬಿಟ್ಟೆ. ಆಮೇಲೆ ತೆಗೆದು ನೋಡೋ ಧೈರ್ಯ ಬರಲಿಲ್ಲ."

ಡಾಕ್ಟರಮ್ಮ ಸೀಸೆ ಇಸ್ಕೊಂಡು ಸೆರಗಿನಲ್ಲಿ ಧೂಳು ಒರೆಸಿದ್ರು. ಸೂಜಿಯಿಂದ ನೀರು ಬಿಟ್ರು. ಕುಲುಕಲಿಲ್ಲ, ಮಗು ತಲೆ ತಿರುಗಿಸೋ ಹಾಗೆ ಮೆಲ್ಲಗೆ ತಿರುಗಿಸಿದ್ರು. ಪುಡಿ ಕರಗ್ತು. ಕಿಟಕಿ ಬೆಳಕಿಗೆ ಹಿಡಿದ್ರು. ನಾವೆಲ್ಲ ಕತ್ತು ಚಾಚಿದ್ವಿ.

ಚೂರಿಲ್ಲ. ನೀರು ಜಾಸ್ತಿಯಾದ ಹಾಲಿನ ಹಾಗೆ, ತೆಳು ಬಿಳಿ, ಅಂಚಲ್ಲಿ ಸ್ವಲ್ಪ ನೀಲಿ.

ಕಣ ಅಳೆಯೋ ಮಿಷನ್ನಿಗೂ ಒಂದು ಹನಿ ಹಾಕಿದ್ರು. ಅದು ಅದರ ಪಾಡಿಗೆ ಗುರ್ ಅಂತು. ಡಾಕ್ಟರಮ್ಮ ಪರದೆಗೆ ಬಗ್ಗಿ ನೋಡಿದ್ರು.

"ಏನಂತೆ?" ಅಂದ ಶೀತಣ್ಣ.

"ಕಣದ ಅಳತೆ ಸರಿ ಇದೆ. ಚೀಟಿ ನೆಟ್ಟಗಿದೆಯಾ ಅಂತ ಇನ್ನೊಂದು ಪರೀಕ್ಷೆ ಮಾಡ್ಬೇಕು. ಆದ್ರೆ ಲಕೋಟೆ ಒಡೆದಿಲ್ಲ." ಮೇಷ್ಟ್ರ ಕಡೆ ತಿರುಗಿದ್ರು. "ನಿಮ್ಮ ಲಕೋಟೆ ಒಡೆದಿಲ್ಲ ಮೇಷ್ಟ್ರೇ. ನಾನು ನಂಬಿದ್ದೆ. ನೀವೇ ನಂಬಲಿಲ್ಲ. ಪೆಟ್ಟಿಗೆ ಬಿಟ್ಟಲ್ಲೇ ಬಿಟ್ಟಿದ್ರೆ ಇವತ್ತು ಅಷ್ಟೂ ಸೀಸೆ ಸಾಕ್ಷಿ ಹೇಳ್ತಿದ್ವು. ಈಗ ಇರೋದು ಪೆನ್ನುಗಳ ಮಧ್ಯೆ ಸಿಕ್ಕಿದ್ದು ಒಂದು."

ಆ ಮನುಷ್ಯ ಅತ್ತಿದ್ದನ್ನ ನಾನು ವರ್ಣಿಸಲ್ಲ.

ಕೆಳಗೆ ಕಾರುಗಳ ಬಾಗಿಲು ಮುಚ್ಚಿದ ಸದ್ದು ಕೇಳ್ತು. ಸಮಿತಿ ಬಂದಿತ್ತು. ಅಳಿಯಂದ್ರು ದನಿ ಇಳಿಸಿದ್ರು. "ಪೆಟ್ಟಿಗೆ ಸಿಕ್ತಲ್ಲ ಮೇಡಂ. ಒರೆಸಿ ಬೀರುವಿನಲ್ಲಿ ಇಟ್ಬಿಡೋಣ. ಪುಡಿನೂ ಗಟ್ಟಿ ಇದೆ ಅಂತ ಗೊತ್ತಾಯ್ತು. ನಾವು ನಾವೇ ಇರೋದು. ಅವರಿಗೇನು ಗೊತ್ತಾಗತ್ತೆ?"

ಡಾಕ್ಟರಮ್ಮ ಪೆಟ್ಟಿಗೆ ನೋಡಿದ್ರು. ನಿಜ ಹೇಳ್ತೀನಿ, ಒಂದು ಗಳಿಗೆ ನಂಗೂ, ಇಟ್ಬಿಡಲಿ ಅನ್ನಿಸ್ತು. ಅಷ್ಟು ಸುಸ್ತಾಗಿತ್ತು ಆ ಮುಖ.

"ಅವರಿಗೆ ಗೊತ್ತಾಗಲ್ಲ. ಆಸ್ಪತ್ರೆಗೆ ಬರೋ ಜನಕ್ಕೂ ಗೊತ್ತಾಗಲ್ಲ" ಅಂದ್ರು. ಸೀಸೆ ಕೈಲಿ ಹಿಡ್ಕೊಂಡು ಕೆಳಗಿಳಿದು ಹೋದ್ರು.

ಮೀಟಿಂಗ್ ಬಹಳ ಹೊತ್ತು ನಡೀತು. ಸಮಿತಿಯ ಹಿರಿಯರೊಬ್ಬರು ಹೊರಡುವಾಗ ನನ್ನ ಪಕ್ಕ ನಿಂತು ಆ ಸೀಸೆನ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ರು. "ಒಂದು ಸೀಸೆ ಅಂದ್ರೆ ಏನೂ ಅಲ್ಲ ನೋಡಿ. ಆದ್ರೂ ಇನ್ನೊಂದು ಬೇಸಿಗೆ ಕೊಡ್ತೀವಿ" ಅಂದು ಕಾರು ಹತ್ತಿದ್ರು.

ಮೇಲೆ ಬಂದ್ರೆ ಅಳಿಯಂದ್ರು ಫೋನ್ ಕೈಲಿ ಹಿಡ್ಕೊಂಡು ನಿಂತಿದ್ರು. "ಪೊಲೀಸಿಗೆ ಹೇಳ್ತೀನಿ. ಈ ಮೇಷ್ಟ್ರನ್ನ ಒಳಗೆ ಹಾಕಿಸ್ದೆ ಬಿಡಲ್ಲ."

ಶೀತಣ್ಣನೇ ಗಂಟಲು ಸರಿ ಮಾಡ್ಕೊಂಡ. ಲಾಕರ್ ಒಡೆಸ್ಕೊಂಡವನು ಅವನು, ಕೇಳೋ ಹಕ್ಕು ಅವನಿಗೇ ಇತ್ತೇನೋ.

"ಮೇಡಂ, ಹೊಸ ಪುಡಿ ಮಾಡಿದ್ರೆ ಪೆಟ್ಟಿಗೆ ಎಲ್ಲಿ? ಒಳಗಾ ಹೊರಗಾ?"

"ಹೊರಗೆ" ಅಂದ್ರು ಡಾಕ್ಟರಮ್ಮ. ನೆಲದ ಮೇಲೆ ಕೂತಿದ್ದ ಮೇಷ್ಟ್ರನ್ನ ನೋಡಿದ್ರು. "ಇವರೂ ಹೊರಗೇ ಇರಲಿ. ಕೆಡ್ತಾರೋ ಇಲ್ವೋ, ಬೇಸಿಗೆ ಕಳೀಲಿ, ನೋಡೋಣ."